ಬಣ್ಣದಡಿಯ ಪುಡಿ

ಹಳೆಯ ಪದ್ಮಿನಿ ಕಾರಿಗೆ ಹೊಸ ಬಣ್ಣ ಬಿದ್ದರೆ ಎಲ್ಲರೂ ಹೊಗಳುವುದು ಹೊಳಪನ್ನು. ನನಗೆ ಅದರಡಿಯ ಪೌಡರ್ ಕೋಟಿಂಗ್ ಮೇಲೇ ಮೋಹ. ಬ್ಲಾಸ್ಟಿಂಗಿನಲ್ಲಿ ತುಕ್ಕು, ಹಳೆ ಪೇಂಟು ಎಲ್ಲ ಹಾರಿಹೋಗಿ ಬೋಳಾದ ತಗಡಿಗೆ ಅರ್ತಿಂಗ್ ಕೊಟ್ಟು, ಗನ್ನಿನಿಂದ ವಿದ್ಯುದಾವೇಶ ಹೊತ್ತ ಎಪಾಕ್ಸಿ ಪುಡಿ ಬಿಡುತ್ತಾರೆ. ಪುಡಿ ತಾನಾಗಿಯೇ ಲೋಹದತ್ತ ಧಾವಿಸುತ್ತದೆ. ಅಂಚು ಬಳಸಿಕೊಂಡು ಹಿಂಬದಿಗೂ ಅಂಟುತ್ತದೆ. ಬೆರಳಾಡಿಸಿದರೆ ರಂಗೋಲಿಯಂತೆ ಅಳಿಸಿಹೋಗುವ ಆ ಪದರ, ಸುಮಾರು 180ರಿಂದ 200 ಡಿಗ್ರಿ ಸೆಲ್ಸಿಯಸ್ ಕಾವಿನ ಓವನ್ನಿನಲ್ಲಿ ಕರಗಿ, ಹರಡಿ, ಗಟ್ಟಿಯಾಗಿ ಹೊರಬಂದ ಮೇಲೆ ಉಗುರಿಗೆ ಜಗ್ಗುವುದಿಲ್ಲ. ಥಿನ್ನರ್ ವಾಸನೆಯ ಕಾಟವೂ ಇಲ್ಲ.

ಹಾಗಂತ ಇದು ಸಲೀಸಲ್ಲ. ಇಕ್ಕಟ್ಟಿನ ಮೂಲೆಗಳಿಗೆ ಇಳಿಯಲು ಪುಡಿ ಹಟ ಮಾಡುತ್ತದೆ. ಸಾಮಾನ್ಯ ಪುಟ್ಟಿ ಅಷ್ಟು ಕಾವು ತಾಳದು. ಹಾಗಾಗಿ ಟಿಂಕರಿಂಗ್‌ನವರು ತಗ್ಗುಗಳನ್ನು ಮೊದಲು ಸುತ್ತಿಗೆಯಲ್ಲೇ ತಿದ್ದಬೇಕು, ಪುಟ್ಟಿಯೇನಿದ್ದರೂ ಓವನ್ ಆದಮೇಲೆ. ಇಡೀ ಕಾರು ಹಿಡಿಸುವ ಓವನ್ ಸಿಗುವುದೂ ಕಷ್ಟವೇ. ಗ್ರಿಲ್ಲು, ಬೀರುಗಳಿಗೆ ಕೋಟಿಂಗ್ ಮಾಡುವವರ ಓವನ್ನು ಬಾನೆಟ್ಟಿಗೆ, ಬಾಗಿಲಿಗೆ ಸಾಕಾದೀತು. ಕೊನೆಗೆ ಎಮರಿ ಕಾಗದದಿಂದ ಉಜ್ಜಿ ಮೈ ತುಸು ಒರಟು ಮಾಡಿದರೇ ಮೇಲಿನ ಬಣ್ಣ ಹಿಡಿಯುವುದು. ಅಷ್ಟು ನುಣುಪಾಗಿ ಬಂದದ್ದನ್ನು ಉಜ್ಜುವಾಗ ಜೀವ ಚುರ್ರೆನ್ನುತ್ತದೆ, ಬೇರೆ ದಾರಿಯಿಲ್ಲ.