‘ನಾನೇ’ ಮತ್ತು ‘ನಾನೇ?’: ಕಾಲಿನ್ ಮೆಕಾನ್ ಅವರ ಒಂದು ಅಕ್ಷರಚಿತ್ರ

ಶ್ರೀಗ್ರಂಥದ ವಾಕ್ಯವನ್ನು ಗೋಡೆಯ ಮೇಲೆ ಬರೆಯುವುದು ನಮ್ಮ ದೇವಾಲಯಗಳಿಗೆ ಹೊಸತಲ್ಲ. ಬರೆದ ವಾಕ್ಯ ಕೆಲವೇ ದಿನಗಳಲ್ಲಿ ಯಾರೂ ಓದದೆ ದಾಟಿಹೋಗುವ ಅಲಂಕಾರವಾಗಿಬಿಡುವುದೂ ಹೊಸತಲ್ಲ. ಅಕ್ಷರವನ್ನೇ ಚಿತ್ರದ್ರವ್ಯವಾಗಿಸಿಕೊಂಡ ನ್ಯೂಜಿಲೆಂಡಿನ ಕಲಾವಿದ ಕಾಲಿನ್ ಮೆಕಾನ್ (1919–1987) ಅವರ ‘ವಿಕ್ಟರಿ ಓವರ್ ಡೆತ್ 2’ (1970) ಎಂಬ ಕೃತಿಯನ್ನು ನಾವಿಲ್ಲಿ ಪರಿಶೀಲಿಸುವುದು ಈ ಕಾರಣಕ್ಕಾಗಿಯೇ.

ಸುಮಾರು 2 ಮೀಟರ್ ಎತ್ತರ, 6 ಮೀಟರ್ ಅಗಲದ ಕ್ಯಾನ್ವಾಸ್ ಇದು. ಕಪ್ಪು ಹಿನ್ನೆಲೆಯ ಮೇಲೆ ಬಿಳಿಯ ಬೃಹದಕ್ಷರಗಳಲ್ಲಿ ‘ಐ ಆ್ಯಮ್’ ಎಂದಿದೆ: ಉರಿಯುವ ಪೊದೆಯ ಬಳಿ ಮೋಶೆ ಕೇಳಿದ ನಾಮ. ಸುತ್ತಲೂ ಕೈಬರಹದಲ್ಲಿ ಯೊವಾನ್ನನ ಶುಭಸಂದೇಶದ 12ನೆಯ ಅಧ್ಯಾಯದ ಮಾತುಗಳು. ಎಡಬದಿಯ ಕತ್ತಲಲ್ಲಿ, ಕಪ್ಪಿನ ಮೇಲೆ ಕಪ್ಪಾಗಿ, ಮತ್ತೊಂದು ‘ಆ್ಯಮ್’ ಅಡಗಿದೆ. ಅದನ್ನೂ ಸೇರಿಸಿ ಓದಿದಾಗ ಘೋಷಣೆಗೆ ಮುನ್ನ ‘ಆ್ಯಮ್ ಐ’ ಎಂಬ ಪ್ರಶ್ನೆ ಕೇಳಿಸುತ್ತದೆ. 1978ರಲ್ಲಿ ನ್ಯೂಜಿಲೆಂಡ್ ಸರ್ಕಾರವು ಈ ಕೃತಿಯನ್ನು ಆಸ್ಟ್ರೇಲಿಯಕ್ಕೆ ಕೊಡುಗೆಯಾಗಿ ನೀಡಿದಾಗ ಅನೇಕರು ಅದನ್ನು ಗೇಲಿ ಮಾಡಿದರು. ಅದೇ ಅಧ್ಯಾಯದಲ್ಲಿ ಸ್ವರ್ಗದ ವಾಣಿಯನ್ನು ಕೇಳಿದ ಜನರಲ್ಲಿ ಕೆಲವರು ಅದನ್ನು ಗುಡುಗೆಂದು ಭಾವಿಸಿದ್ದನ್ನು ನಾವು ಮರೆಯಬಾರದು.

ಈ ಪ್ರಶ್ನೆ ಯಾರದು? ಆಧುನಿಕ ಮಾನವನ ಸಂಶಯವೆಂದಷ್ಟೇ ಓದುವುದು ಸುಲಭ. ಆದರೆ ಕಲಾವಿದರು ಆರಿಸಿಕೊಂಡ ಅಧ್ಯಾಯ ಅದಕ್ಕೆ ಒಪ್ಪುವುದಿಲ್ಲ. ಅಲ್ಲಿ ಕಳವಳಗೊಳ್ಳುವವರು ಸ್ವತಃ ಯೇಸುಸ್ವಾಮಿ. ಆ ಗಳಿಗೆಯಿಂದ ತಮ್ಮನ್ನು ಪಾರುಮಾಡೆಂದು ಪಿತನನ್ನು ಬೇಡಬೇಕೇ ಎಂದು ಕೇಳಿಕೊಳ್ಳುವವರೂ ಅವರೇ. ಕ್ರಿಸ್ತರಲ್ಲಿ ನಿಜವಾದ ಮಾನವ ಸಂಕಲ್ಪವಿತ್ತೆಂದು 680–81ರ ಕಾನ್‌ಸ್ಟಾಂಟಿನೋಪಲ್ ಮಹಾಸಭೆ ಬೋಧಿಸಿತು. ಹಾಗಾದರೆ ಕಪ್ಪು ಅಕ್ಷರ ಬಿಳಿಯ ಅಕ್ಷರದ ಶತ್ರುವಲ್ಲ. ಎರಡೂ ಒಬ್ಬರಿಗೇ ಸೇರಿದವು. ನಡುವಿನ ಒಂದೇ ‘ಐ’ ಎರಡನ್ನೂ ಹೊತ್ತು ನಿಂತಿದೆ.

ಇಂಗ್ಲಿಷಿನಲ್ಲಿ ಪದಗಳ ಸ್ಥಾನ ಬದಲಿಸಿ ಸಾಧಿಸಿದ್ದನ್ನು ಕನ್ನಡ ತನ್ನ ಒಂದೇ ಪದದಲ್ಲಿ ಅಡಗಿಸಿಕೊಂಡಿದೆ. ‘ನಾನೇ’ ಎಂಬುದು ದೃಢೋಕ್ತಿ; ‘ನಾನೇ?’ ಎಂಬುದು ಪ್ರಶ್ನೆ. ಅಕ್ಷರ ಒಂದೇ, ಏಕಾರವೂ ಒಂದೇ. ಬೇರೆಯಾಗುವುದು ದನಿ ಮಾತ್ರ. ಬಲಿಪೀಠದಿಂದ ಈ ವಾಕ್ಯಗಳನ್ನು ಓದುವವರ ಹೊಣೆ ಎಷ್ಟು ಸೂಕ್ಷ್ಮವಾದುದೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಕೃತಿಗೆ ಮಿತಿಯೂ ಇದೆ. ಗ್ಯಾಲರಿಯಲ್ಲಿ ವಾಕ್ಯವಿದೆ, ‘ಆಮೆನ್’ ಎನ್ನುವ ಸಭೆಯಿಲ್ಲ. ನೋಡುಗ ಒಂಟಿಯಾಗಿ ಬಂದು ಒಂಟಿಯಾಗಿ ಹೊರಡುತ್ತಾನೆ; ವಾಕ್ಯವು ಅವನನ್ನು ಪ್ರಸಾದದ ಪೀಠಕ್ಕೆ ಕರೆದೊಯ್ಯದು. ಮೆಕಾನ್ ಅವರ ಕೊನೆಯ ಚಿತ್ರಗಳು ಉಪದೇಶಕ ಗ್ರಂಥದ ನಿರಾಶೆಯ ಮಾತುಗಳ ಕಡೆಗೆ ಹೊರಳಿದ್ದನ್ನು ನೆನೆದಾಗ ಈ ಕೊರತೆ ನಮ್ಮನ್ನು ಕಾಡುತ್ತದೆ.

ಆದರೆ ಸಭೆಯುಳ್ಳ ನಮ್ಮ ಸ್ಥಿತಿಯೇನು? ಪ್ರಬೋಧನೆಯಲ್ಲಿ ನಾವು ಬಿಳಿಯ ಅಕ್ಷರಗಳನ್ನು ಮಾತ್ರ ಬರೆಯುತ್ತೇವೆ. ಗುರುಅಭ್ಯರ್ಥಿಯೊಬ್ಬ ತನ್ನ ಕತ್ತಲನ್ನು ಹೇಳಿಕೊಳ್ಳಲು ಬಂದಾಗ ಅವಸರದಿಂದ ಸುಣ್ಣ ಬಳಿಯುತ್ತೇವೆ. ಮಗನೊಬ್ಬ ಮಣ್ಣಾದ ತಾಯಿಯೆದುರು ಪುನರುತ್ಥಾನದ ಸಿದ್ಧಾಂತವನ್ನು ಒಪ್ಪಿಸಿ ಹಿಂದಿರುಗುತ್ತೇವೆ. ಆ ತಾಯಿಗೆ ಬೇಕಾದದ್ದು ಸಿದ್ಧಾಂತದ ನಿರಾಕರಣೆಯಲ್ಲ. ತನ್ನ ಪ್ರಶ್ನೆಯನ್ನು ಕ್ರಿಸ್ತರೂ ಕೇಳಿದ್ದರು ಎಂಬ ಸಾಕ್ಷ್ಯ. ಮರಣದ ಮೇಲಿನ ವಿಜಯವನ್ನು ಸಾರುವ ಈ ಚಿತ್ರದಿಂದ ಕಪ್ಪು ಅಕ್ಷರವನ್ನು ಅಳಿಸಿದರೆ ಉಳಿಯುವುದು ವಿಜಯದ ಫಲಕ ಮಾತ್ರ, ಶುಭಸಂದೇಶವಲ್ಲ.