ಘೋಷಣೆಯ ಕರ್ತೃಪದ

1971ರ ಲೋಕಸಭಾ ಚುನಾವಣೆಯಲ್ಲಿ ಇಂದಿರಾ ಗಾಂಧಿಯವರ ಪ್ರಚಾರವೆಲ್ಲ ಒಂದೇ ಕ್ರಿಯಾಪದದ ಮೇಲೆ ನಿಂತಿತ್ತು: ಹಟಾವೋ. ಅವರು ಇಂದಿರೆಯನ್ನು ತೊಲಗಿಸಿ ಎನ್ನುತ್ತಾರೆ, ನಾನು ಬಡತನವನ್ನು ತೊಲಗಿಸಿ ಎನ್ನುತ್ತೇನೆ ಎಂಬ ಧಾಟಿಯ ಮಾತು ದೇಶದ ಮೈದಾನಗಳಲ್ಲೆಲ್ಲ ಮೊಳಗಿತು. ಅವರ ಪಕ್ಷಕ್ಕೆ 352 ಸ್ಥಾನಗಳು ಬಂದವು.

ಮಾತಿನ ಕಸುಬಾಗಿ ನೋಡಿದರೆ ಇದು ಅಸಾಧಾರಣ. ಎರಡೂ ಕಡೆ ಕ್ರಿಯಾಪದ ಒಂದೇ. ಬದಲಾಗುವುದು ಕರ್ಮಪದ ಮಾತ್ರ. ಆ ಅದಲುಬದಲಿನಲ್ಲೇ ಇಂದಿರೆಯ ಎದುರಾಳಿಗಳು ಬಡವರ ಎದುರಾಳಿಗಳಾಗಿಬಿಡುತ್ತಾರೆ. ಹಾಗೆಂದು ಯಾರೂ ವಾದಿಸಬೇಕಿಲ್ಲ, ವಾಕ್ಯದ ಅಚ್ಚೇ ಆ ಕೆಲಸ ಮಾಡುತ್ತದೆ. ಆದರೆ ಬಡತನವನ್ನು ತೊಲಗಿಸಬೇಕಾದವರು ಯಾರು? ಈ ವಾಕ್ಯದಲ್ಲಿ ಕರ್ತೃವೇ ಇಲ್ಲ. ಆಜ್ಞೆ ಕೇಳುಗನಿಗೆ ಹೋಗುತ್ತದೆ, ಕೀರ್ತಿ ಹೇಳಿದವರಿಗೆ ಉಳಿಯುತ್ತದೆ. ನಾಳೆ ಯಾರನ್ನು ಹಿಡಿದು ಕೇಳಬೇಕೆಂಬುದು ಘೋಷಣೆಯಲ್ಲಿ ಎಲ್ಲೂ ಇಲ್ಲ.

1978ರ ಚಿಕ್ಕಮಗಳೂರು ಉಪಚುನಾವಣೆ ಇನ್ನೊಂದು ಮಾದರಿ. 'ಏಕ್ ಶೇರ್ನಿ, ಸೌ ಲಂಗೂರ್, ಚಿಕ್‌ಮಗಳೂರ್ ಭಾಯಿ ಚಿಕ್‌ಮಗಳೂರ್'. ಒಂದು ಹೆಣ್ಣುಸಿಂಹ, ನೂರು ಮುಸುವಗಳು. ಲಂಗೂರಿಗೆ ಮಗಳೂರಿನ ಪ್ರಾಸ ಕೂಡಿದ್ದರಿಂದ ಊರಿನ ಹೆಸರೇ ಪಲ್ಲವಿಯಾಯಿತು. ಆ ಹೊತ್ತಿಗೆ ದೇಶದ ಮುಂದಿದ್ದ ದೊಡ್ಡ ಪ್ರಶ್ನೆ ತುರ್ತು ಪರಿಸ್ಥಿತಿಯ 21 ತಿಂಗಳು. ರೂಪಕ ಆ ಪ್ರಶ್ನೆಗೆ ಉತ್ತರ ಕೊಡಲಿಲ್ಲ, ಅದನ್ನು ಮರೆಮಾಡಿತು. ಸಿಂಹಿಣಿಯ ಲೆಕ್ಕಪತ್ರ ಕೇಳುವವರುಂಟೇ? ಎದುರಾಳಿ ವೀರೇಂದ್ರ ಪಾಟೀಲರು ಮುಖ್ಯಮಂತ್ರಿಯಾಗಿದ್ದವರು. ಘೋಷಣೆಯಲ್ಲಿ ಅವರಿಗೆ ಹೆಸರೂ ಉಳಿಯಲಿಲ್ಲ. ಇಂದಿರಾ 77,000ಕ್ಕೂ ಹೆಚ್ಚು ಮತಗಳಿಂದ ಗೆದ್ದರು. ಇಂಥ ಬಳಕೆ ನನ್ನ ಮಟ್ಟಿಗೆ ಅಲಂಕಾರದ ದುರ್ಬಳಕೆಯೇ.

ಹಾಗಾದರೆ ಅಲಂಕಾರವೇ ಮೋಸವೇ? ಅಲ್ಲ. ಅದಕ್ಕೆ ಸಾಕ್ಷಿ ನಮ್ಮಲ್ಲೇ ಇದೆ. 1951ರ ಕಾಗೋಡು ಸತ್ಯಾಗ್ರಹದ ಕಾವಿನಲ್ಲಿ ಬೆಳೆದ ಸಮಾಜವಾದಿಗಳು ನಾಡಿನ ಬಾಯಿಗೆ ಕೊಟ್ಟ ಮಾತು 'ಉಳುವವನೇ ಹೊಲದೊಡೆಯ'. ಗೇಣಿ ಅಳೆಯುವ ಕೊಳಗದ ಜಗಳದಿಂದ ಎದ್ದ ಹೋರಾಟ ಅದು. ಶಾಂತವೇರಿ ಗೋಪಾಲಗೌಡರು 1952ರಲ್ಲಿ ಸಾಗರ ಹೊಸನಗರದಿಂದ ಗೆದ್ದು ಆ ದನಿಯನ್ನು ವಿಧಾನಸಭೆಗೆ ಒಯ್ದರು.

ಎರಡೇ ಪದ, ಆದರೂ ಪೂರ್ಣ ವಾಕ್ಯ. ಯಾರು? ಉಳುವವನು. ಏನಾಗಬೇಕು? ಒಡೆಯ. ಯಾವುದಕ್ಕೆ? ಹೊಲಕ್ಕೆ. ವಾಕ್ಯದ ಜೀವ ಇರುವುದು 'ಏ' ಎಂಬ ಅವಧಾರಣೆಯಲ್ಲಿ. 'ಉಳುವವನು' ಎಂದಿದ್ದರೆ ಅದೊಂದು ಹಾರೈಕೆ. 'ಉಳುವವನೇ' ಎಂದಾಗ ಕೂತು ಗೇಣಿ ಉಣ್ಣುವವನು ಅಲ್ಲ ಎಂಬ ತೀರ್ಪು. ಇದರಲ್ಲೂ ಕೊರತೆಯಿದೆ. ಸಸಿ ನಾಟಿ, ಕಳೆ ಕಿತ್ತ ಹೆಂಗಸು ಆ 'ವನೇ'ಯೊಳಗೆ ಕಾಣುವುದಿಲ್ಲ. ಆದರೆ ಆ ಕೊರತೆಯನ್ನು ಹೀಗೆ ಬೆರಳಿಟ್ಟು ತೋರಿಸಲು ಸಾಧ್ಯವಾಗುವುದೂ ಮಾತು ಅಷ್ಟು ನಿಖರವಾಗಿರುವುದರಿಂದಲೇ.

ಗೋಪಾಲಗೌಡರು 1972ರಲ್ಲಿ ತೀರಿಕೊಂಡರು. 1974ರಲ್ಲಿ ದೇವರಾಜ ಅರಸರ ಸರ್ಕಾರದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂತು. ಗೇಣಿದಾರರು ಫಾರಂ ನಂಬರ್ 7 ತುಂಬಿ, ಭೂನ್ಯಾಯಮಂಡಳಿಯ ಮುಂದೆ ನಿಂತು, ಇದು ನಾನು ಉಳುವ ನೆಲ ಎಂದರು. ಚುನಾವಣಾ ಭಾಷಣವನ್ನು ಅಳೆಯಲು ನನಗೆ ಇದಕ್ಕಿಂತ ನೇರವಾದ ಕೊಳಗ ಗೊತ್ತಿಲ್ಲ: ಚಪ್ಪಾಳೆ ಮುಗಿದ ಮೇಲೆ ಆ ಮಾತನ್ನು ಒಂದು ಅರ್ಜಿಯಲ್ಲಿ ಬರೆದುಕೊಡಲು ಬರುತ್ತದೆಯೇ?