ವಜ್ರಯೋಗವೂ ವರಾಹಮಿಹಿರನ ಸಂಶಯವೂ

ಜಾತಕಶಾಸ್ತ್ರವು ಕನ್ನಡಕ್ಕೆ ಹೊಸದಲ್ಲ. ನರಗುಂದದ ಶ್ರೀಧರಾಚಾರ್ಯನು ಕ್ರಿ. ಶ. ೧೦೪೯ರಲ್ಲಿ, ಚಾಲುಕ್ಯ ಆಹವಮಲ್ಲನ ಆಳಿಕೆಯಲ್ಲಿ, 'ಜಾತಕತಿಲಕ'ವನ್ನು ರಚಿಸಿದಂದಿನಿಂದ ಈ ಶಾಸ್ತ್ರವು ನಮ್ಮ ನುಡಿಯಲ್ಲಿಯೂ ನೆಲೆಗೊಂಡಿದೆ. ಆದರೂ ಸಾಹಿತ್ಯವಿಮರ್ಶಕರು ಇಂಥ ಗ್ರಂಥಗಳನ್ನು ಜೋಯಿಸರಿಗೆ ಬಿಟ್ಟುಕೊಟ್ಟಿರುವರು. ಜೋಯಿಸರಾದರೋ ಫಲಭಾಗವನ್ನು ಮಾತ್ರ ಓದಿ ಮಿಕ್ಕುದನ್ನು ಮಡಿಚಿಡುವರು. ಗ್ರಹಫಲವು ದಿಟವೋ ಅಲ್ಲವೋ ಎಂಬ ವಾದವನ್ನು ಇಲ್ಲಿ ಎತ್ತಿಲ್ಲ. ಶಾಸ್ತ್ರಕಾರನು ಹೇಳಿದುದೇನು, ಅದನ್ನು ಹೇಗೆ ಅರ್ಥಮಾಡಬೇಕು ಎಂಬಷ್ಟೇ ಪ್ರಕೃತ.

ಕುಂಡಲಿಯ ಅರ್ಥವು ಅದನ್ನು ಬರೆಯುವ ರೇಖೆಗಳಿಂದಲೇ ಆರಂಭವಾಗುತ್ತದೆ. ಬೆಳಗಾವಿ ಖಾನಾಪುರಗಳ ನಡುವಣ ನಮ್ಮ ದೇಸೂರ ಸೀಮೆಯಲ್ಲಿ ಎರಡು ಕ್ರಮಗಳು ಕಾಣಸಿಗುತ್ತವೆ. ಮಹಾರಾಷ್ಟ್ರದ ಪದ್ಧತಿಯವರು ಚೌಕದೊಳಗೆ ಕರ್ಣರೇಖೆಗಳನ್ನೆಳೆದು, ಲಗ್ನವನ್ನು ಮೇಲ್ಗಡೆಯ ನಡುಮನೆಯಲ್ಲಿಟ್ಟು, ರಾಶಿಗಳನ್ನು ಅಂಕೆಗಳಿಂದ ತುಂಬುವರು. ಇಲ್ಲಿ ಒಂದು, ನಾಲ್ಕು, ಏಳು, ಹತ್ತು ಎಂಬ ಕೇಂದ್ರಗಳು ನಡುವಣ ನಾಲ್ಕು ದೊಡ್ಡ ಮನೆಗಳು. ಪಣಫರ ಆಪೋಕ್ಲಿಮಗಳು ಅಂಚಿಗೆ ಒತ್ತಲ್ಪಟ್ಟ ಎಂಟು ತ್ರಿಕೋನಗಳು. (ಈ ಮೂರು ಹೆಸರುಗಳೂ ಯವನರ ನುಡಿಯಿಂದ ಬಂದವು ಎಂಬುದು ವಿದ್ವಾಂಸರಿಗೆ ವಿದಿತವೇ ಸರಿ.) ಮೈಸೂರ ಕಡೆಯ ಕ್ರಮದಲ್ಲಿ ರಾಶಿಗಳು ಚೌಕದ ಅಂಚಿನಲ್ಲಿ ಸ್ಥಿರವಾಗಿದ್ದು ಲಗ್ನವೇ ಸಂಚರಿಸುವುದು. ಆಗ ದ್ವಿಸ್ವಭಾವ ರಾಶಿಗಳಾದ ಮೀನ, ಮಿಥುನ, ಕನ್ಯಾ, ಧನುಗಳು ನಾಲ್ಕು ಮೂಲೆಗಳಲ್ಲಿ ನಿಲ್ಲುವುವು. ಪ್ರತಿಯೊಂದು ಪಕ್ಕದ ನಡುವೆ ಒಂದು ಚರ, ಒಂದು ಸ್ಥಿರ. ಚರರಾಶಿಯು ತನ್ನ ನೆರೆಯದನ್ನುಳಿದು ಮಿಕ್ಕ ಸ್ಥಿರಗಳನ್ನು ನೋಡುವುದು, ಸ್ಥಿರವು ಹಾಗೆಯೇ ಚರಗಳನ್ನು, ದ್ವಿಸ್ವಭಾವಗಳು ಪರಸ್ಪರವನ್ನು ಎಂಬ ಜೈಮಿನಿಯ ರಾಶಿದೃಷ್ಟಿಯನ್ನು ಬಾಯಿಪಾಠಮಾಡಲು ವಿದ್ಯಾರ್ಥಿಗಳು ಬವಣೆಪಡುವುದುಂಟು. ಈ ಚೌಕವನ್ನು ಮುಂದಿಟ್ಟರೆ ಪಾಠವೇ ಬೇಡ: ಮೂಲೆ ಮೂಲೆಯನ್ನು ನೋಡುತ್ತದೆ, ಒಂದೇ ಪಕ್ಕದ ಚರಸ್ಥಿರಗಳು ಒಂದನ್ನೊಂದು ನೋಡವು, ಬೇರೆ ಪಕ್ಕದವು ನೋಡುವುವು. ಹೀಗೆ ಒಂದು ಚಿತ್ರವು ಭಾವವರ್ಗವನ್ನು ಎತ್ತಿ ತೋರಿದರೆ ಇನ್ನೊಂದು ರಾಶಿವರ್ಗವನ್ನು ಎತ್ತಿ ತೋರುವುದು. ಒಂದರಲ್ಲಿಯೇ ಪಳಗಿದ ಕಣ್ಣು ಮತ್ತೊಂದನ್ನು ಕಾಣದೆ ಹೋಗುವುದು ಸಹಜ.

ಗ್ರಹದೃಷ್ಟಿಯ ಮಾತು ಬೇರೆ. ಗ್ರಹವು ಏಳನೆಯದನ್ನು ಪೂರ್ಣವಾಗಿಯೂ, ನಾಲ್ಕು ಎಂಟನ್ನು ಮುಕ್ಕಾಲಾಗಿಯೂ, ಐದು ಒಂಬತ್ತನ್ನು ಅರೆಯಾಗಿಯೂ, ಮೂರು ಹತ್ತನ್ನು ಕಾಲಾಗಿಯೂ ನೋಡುವುದೆಂದು ಬೃಹಜ್ಜಾತಕದ ಮತ. ಕುಜನಿಗೆ ನಾಲ್ಕು ಎಂಟರಲ್ಲಿ, ಗುರುವಿಗೆ ಐದು ಒಂಬತ್ತರಲ್ಲಿ, ಶನಿಗೆ ಮೂರು ಹತ್ತರಲ್ಲಿ ಪೂರ್ಣದೃಷ್ಟಿ. ನಾಲ್ಕು ಎಂಟಕ್ಕೆ ಚತುರಸ್ರವೆಂದೂ ಐದು ಒಂಬತ್ತಕ್ಕೆ ತ್ರಿಕೋಣವೆಂದೂ ಶಾಸ್ತ್ರದಲ್ಲಿ ಹೆಸರಿರುವುದರಿಂದ ಕುಜನ ನೋಟವೇ ಚತುರಸ್ರ, ಗುರುವಿನ ನೋಟವೇ ತ್ರಿಕೋಣ. ಇನ್ನೊಂದು ಮಾತು: ಪಾಶ್ಚಾತ್ಯರಲ್ಲಿ ದೃಷ್ಟಿಯು ಅಂಶಾಂತರದಿಂದ ಎಣಿಸಲ್ಪಟ್ಟು ಇಬ್ಬರಿಗೂ ಸಮ, ನಮ್ಮಲ್ಲಿ ಒಬ್ಬನು ನಾಲ್ಕನೆಯದನ್ನು ಮುಕ್ಕಾಲು ನೋಡಿದರೆ ಅಲ್ಲಿರುವವನು ಇವನನ್ನು ಹತ್ತನೆಯದೆಂದು ಕಾಲುಭಾಗ ಮಾತ್ರ ನೋಡುವನು. ಈ ಅಸಮತೆಯನ್ನು ಮರೆತು 'ಗ್ರಾಂಡ್ ಕ್ರಾಸ್' ಮೊದಲಾದ ಅವರ ಆಕೃತಿಗಳನ್ನು ನಮ್ಮ ಕುಂಡಲಿಗೆ ಹೊಂದಿಸುವುದು ಅಂದದ ಕೆಲಸವಲ್ಲ.

ನಮ್ಮಲ್ಲಿಯೂ ಆಕೃತಿಗಳಿಗೆ ಕೊರತೆಯಿಲ್ಲ. ಬೃಹಜ್ಜಾತಕದ ಹನ್ನೆರಡನೆಯ ಅಧ್ಯಾಯವಾದ ನಾಭಸಯೋಗದಲ್ಲಿ, ಯವನರು ೧೮೦೦ ಭೇದಗಳನ್ನು ಹೇಳಿದ್ದರೆಂದು ತಿಳಿಸಿ, ವರಾಹಮಿಹಿರನು ೩೨ನ್ನು ಸಂಗ್ರಹಿಸಿರುವನು; ಆಶ್ರಯ ೩, ದಳ ೨, ಆಕೃತಿ ೨೦, ಸಂಖ್ಯಾ ೭. ಆಕೃತಿಗಳಲ್ಲಿ ವಜ್ರವೆಂದರೆ ಲಗ್ನ ಸಪ್ತಮಗಳಲ್ಲಿ ಶುಭರು, ಚತುರ್ಥ ದಶಮಗಳಲ್ಲಿ ಪಾಪರು ಇರುವುದು. ಇದರ ವಿಪರ್ಯಾಸವೇ ಯವ. ಆದರೆ ಲಕ್ಷಣದ ಬೆನ್ನಿಗೇ ಆಚಾರ್ಯನು ಒಂದು ಮಾತನ್ನು ಸೇರಿಸಿರುವನು: ವಜ್ರಾದಿಗಳನ್ನು ಪೂರ್ವಶಾಸ್ತ್ರವನ್ನನುಸರಿಸಿ ಹೇಳಿದುದಾಯಿತು; ಸೂರ್ಯನ ನಾಲ್ಕನೆಯ ಮನೆಯಲ್ಲಿ ಬುಧಶುಕ್ರರಿರುವುದು ಹೇಗೆ?

ಸಂಶಯವು ಗಟ್ಟಿಯಾದುದು. ಸೂರ್ಯನು ಪಾಪ, ಬುಧಶುಕ್ರರು ಶುಭರು. ಆದುದರಿಂದ ವಜ್ರದಲ್ಲಿ ಇವರು ಸೂರ್ಯನಿಂದ ನಾಲ್ಕರಲ್ಲಿಯೋ ಹತ್ತರಲ್ಲಿಯೋ ಇರಲೇಬೇಕು. ಎಷ್ಟು ಹತ್ತಿರವೆಣಿಸಿದರೂ ನಡುವೆ ಎರಡು ಪೂರ್ಣ ರಾಶಿಗಳು, ಅಂದರೆ ೬೦ ಅಂಶಗಳು, ಉಳಿಯುವುವು. ಬುಧನು ಸೂರ್ಯನನ್ನು ಬಿಟ್ಟು ಸುಮಾರು ೨೮ ಅಂಶಗಳಿಗಿಂತಲೂ ಶುಕ್ರನು ಸುಮಾರು ೪೭ ಅಂಶಗಳಿಗಿಂತಲೂ ದೂರ ಹೋಗರು. ರಾಶಿಯನ್ನು ಬಿಟ್ಟು ಭಾವಸಂಧಿಗಳಿಂದ ಎಣಿಸಿದರೆ ನಿರ್ವಾಹವಾದೀತೆಂದು ಕೆಲವರು ಹೇಳಬಹುದು. ದೇಸೂರಿನ ಅಕ್ಷಾಂಶವು ೧೬ಕ್ಕೆ ತುಸು ಕಡಿಮೆ. ಇಲ್ಲಿ ಲಗ್ನಕ್ಕೂ ಚತುರ್ಥಕ್ಕೂ ಇರುವ ಅಂತರವು ಎಷ್ಟು ಕುಗ್ಗಿದರೂ ಸುಮಾರು ೭೯ ಅಂಶ. ಅದರ ಮೂರರಲ್ಲಿ ಎರಡು ಪಾಲು, ಸುಮಾರು ೫೩ ಅಂಶ, ನಡುವಣ ಎರಡು ಭಾವಗಳಿಗೆ ಹೋಗುವುದು. ಶುಕ್ರನಿಗೂ ಅದು ದಾಟದ ದಾರಿ. ಬುಧನ ಮಾತಂತೂ ದೂರ.

ಕೈಪಿಡಿಗಳಲ್ಲಿ ಲಕ್ಷಣವೂ ಫಲವೂ ಉಳಿದು ಈ ಸಂಶಯವು ಮಾತ್ರ ಬಿಟ್ಟುಹೋಗುವುದುಂಟು. ಹೀಗೆ ಬಿಡುವುದು ಆಚಾರ್ಯನ ಮೇಲೆ ಆತನಾಡದ ಮಾತನ್ನು ಹೊರಿಸಿದಂತೆ. ಆತನು ಪೂರ್ವಿಕರ ಪಾಠವನ್ನು ಕಿತ್ತೆಸೆಯಲಿಲ್ಲ, ಆಕಾಶದ ಸಾಕ್ಷ್ಯವನ್ನು ಮುಚ್ಚಿಡಲೂ ಇಲ್ಲ. ಎರಡನ್ನೂ ಓದುಗನ ಮುಂದಿಟ್ಟನು. ಶಿಷ್ಯರಿಗೆ ಮೊದಲನೆಯದನ್ನಷ್ಟೇ ಪಾಠಹೇಳುವ ಅಧ್ಯಾಪಕನು ಅರ್ಧಗ್ರಂಥವನ್ನು ಹೇಳಿದಂತಾಯಿತು.

'ವಜ್ರಾದಿ' ಎಂಬಲ್ಲಿಯ ಆದಿಶಬ್ದವು ಎಲ್ಲಿಯವರೆಗೆ ವ್ಯಾಪಿಸುವುದೆಂಬುದೇ ಇನ್ನುಳಿದ ವಿಚಾರ. ಇದನ್ನು ಹಿಗ್ಗಿಸಿ ಆಕೃತಿಯೋಗಗಳನ್ನೆಲ್ಲ ತಳ್ಳಿಹಾಕುವುದು ನನಗೆ ಸಮ್ಮತವಲ್ಲ. ಇಪ್ಪತ್ತರಲ್ಲಿ ಶುಭಪಾಪರನ್ನು ಹೀಗೆ ಬೇರ್ಪಡಿಸುವ ನಿಯಮವಿರುವುದು ವಜ್ರ ಯವಗಳಿಗೆ ಮಾತ್ರ. ಕಮಲದಲ್ಲಿಯೂ ನಾಲ್ಕು ಕೇಂದ್ರಗಳು ತುಂಬಬೇಕು. ಆದರೆ ಅಲ್ಲಿ ಮಿಶ್ರವಾಗಿರುವುದರಿಂದ ಸೂರ್ಯನು ಬುಧಶುಕ್ರರನ್ನು ತನ್ನ ಮನೆಯಲ್ಲಿಯೇ ಇಟ್ಟುಕೊಳ್ಳಬಹುದು. ದಳಯೋಗಗಳಲ್ಲೊಂದಾದ ಮಾಲೆಯಲ್ಲಿ ಗುರು ಬುಧ ಶುಕ್ರರು ಬೇರೆ ಬೇರೆ ಕೇಂದ್ರಗಳಲ್ಲಿರಬೇಕು; ಸೂರ್ಯನ ಒಂದು ಪಕ್ಕಕ್ಕೆ ೨೮, ಇನ್ನೊಂದು ಪಕ್ಕಕ್ಕೆ ೪೭ ಕೂಡಿದರೆ ೭೫, ೬೦ನ್ನು ಮೀರುವುದು. ಅಪೂರ್ವವಾದರೂ ಅದು ಸಂಭವ. ಮಾಲೆಯ ವಿಷಯದಲ್ಲಿ ಆಚಾರ್ಯನು ಇಂಥ ಪ್ರಶ್ನೆಯನ್ನೆತ್ತಿಲ್ಲ.